ನಾಯಿ ಬಿಸ್ಕತ್ತಿನ ಮೇಲಿನ ಮುದ್ರೆ

ನಮ್ಮಲ್ಲಿ ಎರಡು ಮೂರು ತಲೆಮಾರಿನವರಿಗೆ ನಾಯಿಯ ಲಾಂಛನ ಎಂದೊಡನೆ ಕಣ್ಣಿಗೆ ಕಟ್ಟುವುದು ಎಚ್‌ಎಂವಿ ಗ್ರಾಮಫೋನ್ ತಟ್ಟೆಯ ನಡುವೆ ಕಹಳೆಗೆ ಕಿವಿಗೊಟ್ಟು ಕೂತ ನಿಪ್ಪರ್. ಬ್ರಿಸ್ಟಲ್‌ನಲ್ಲಿ ಹುಟ್ಟಿ 1895ರಲ್ಲಿ ಸತ್ತ ಆ ನಾಯಿಯನ್ನು ಚಿತ್ರಿಸಿದವನು ಕಲಾವಿದ ಫ್ರಾನ್ಸಿಸ್ ಬರಾಡ್. 1899ರಲ್ಲಿ ಗ್ರಾಮಫೋನ್ ಕಂಪನಿ ಚಿತ್ರವನ್ನು ಕೊಂಡಿತು. ಅಲ್ಲಿಂದಾಚೆಗೆ ನಿಪ್ಪರ್ ಲೆಕ್ಕವಿಲ್ಲದಷ್ಟು ಹಾಡುಗಳನ್ನು ಮಾರಿದ. ಆದರೆ ನಾಯಿಗೆ ಬೇಕಾದ ಒಂದು ತುಂಡು ಬಿಸ್ಕತ್ತನ್ನೂ ಮಾರಲಿಲ್ಲ. ಇನ್ನೊಂದು ಕಡೆ, ಸಾಕುಪ್ರಾಣಿಗಳ ಆಹಾರದಲ್ಲಿ ಜಗತ್ತಿನ ಅತಿ ದೊಡ್ಡ ಹೆಸರುಗಳಲ್ಲಿ ಒಂದಾದ ಪ್ಯೂರಿನಾದ ಲಾಂಛನವನ್ನು ನೋಡಿ: ಕೆಂಪು ಬಿಳಿ ಚೌಕಗಳು, ಅಷ್ಟೇ. ಅದರಲ್ಲಿ ನಾಯಿಯಿಲ್ಲ, ಬೆಕ್ಕಿಲ್ಲ, ಪಂಜದ ಗುರುತೂ ಇಲ್ಲ. ಇದು ಆಕಸ್ಮಿಕವಲ್ಲ. ಸಾಕುಪ್ರಾಣಿ ಸರಕಿನ ಲಾಂಛನಗಳ ಚರಿತ್ರೆಯನ್ನು ನಾವು ಮುದ್ದಾದ ಪ್ರಾಣಿಚಿತ್ರಗಳ ಚರಿತ್ರೆ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ಜಾಮೀನಿನ ಚರಿತ್ರೆ. ಒಳಗೇನಿದೆ ಎಂದು ತಾನು ಸವಿದು ನೋಡಲಾಗದ ಪದಾರ್ಥಕ್ಕೆ ಹಣ ಕೊಡುವ ಮನುಷ್ಯನಿಗೆ, ತಯಾರಕ ಕೊಟ್ಟ ಮಾತಿನ ಗುರುತು. ಆ ಗುರುತಿನೊಳಗೆ ಪ್ರಾಣಿ ಬಂದು ಕೂತದ್ದು ಆಮೇಲೆ, ಬೇರೆ ಕಾರಣಕ್ಕೆ.

ಈ ವ್ಯಾಪಾರ ಶುರುವಾದದ್ದು ಲಂಡನ್ನಿನಲ್ಲಿ, 1860ರ ಸುಮಾರಿಗೆ. ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ನನು ಸಿಡಿಲು ತಡೆಯುವ ಸಲಾಕೆಗಳನ್ನು ಮಾರುವುದಕ್ಕೆಂದು ಅಲ್ಲಿಗೆ ಬಂದಿದ್ದ. ಹಡಗುಕಟ್ಟೆಯಲ್ಲಿ ನಾವಿಕರು ಎಸೆದ ಒಣ ಬಿಸ್ಕತ್ತನ್ನು ನಾಯಿಗಳು ಮುಗಿಬಿದ್ದು ತಿನ್ನುವುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂಬ ಕತೆ ಬಹಳ ಪ್ರಸಿದ್ಧ. ಕತೆ ಹೇಗಾದರೂ ಇರಲಿ, ಅವನು ತಯಾರಿಸಿದ ಪದಾರ್ಥ ಮಾತ್ರ ಗಟ್ಟಿಯಾಗಿತ್ತು: ಗೋಧಿ ಹಿಟ್ಟು, ತರಕಾರಿ, ಬೀಟ್‌ರೂಟ್ ಮತ್ತು ಒಣಗಿಸಿದ ಮಾಂಸದ ಪುಡಿಯನ್ನು ಕಲಸಿ ಸುಟ್ಟ ಬಿಲ್ಲೆ. ಅದಕ್ಕೆ 'ಮೀಟ್ ಫೈಬ್ರಿನ್ ಡಾಗ್ ಕೇಕ್' ಎಂದು ಹೆಸರಿಟ್ಟ. ಅಮೆರಿಕದ ಹುಲ್ಲುಗಾವಲಿನ ದನದ ಮಾಂಸ ಎಂದು ಕಂಪನಿ ಹೇಳಿಕೊಳ್ಳುತ್ತಿತ್ತು; ಆ ಮಾಂಸ ಎಲ್ಲಿಂದ ಬರುತ್ತದೆ, ಯಾರು ಒದಗಿಸುತ್ತಾರೆ ಎಂಬುದನ್ನು ಮಾತ್ರ ಗುಟ್ಟಾಗಿಯೇ ಇಟ್ಟುಕೊಂಡಿತು. ಅಲ್ಲಿಯವರೆಗೆ ನಾಯಿಗೆ ಬೀಳುತ್ತಿದ್ದುದು ಮನೆಯ ಅಡುಗೆಯಲ್ಲಿ ಮಿಕ್ಕದ್ದು, ಕಸಾಯಿ ಅಂಗಡಿಯ ಚೂರುಪಾರು, ಶ್ರೀಮಂತರ ಬೇಟೆನಾಯಿಗಳಾದರೆ ಓಟ್ಸ್ ಗಂಜಿ. ಅದೆಲ್ಲ ಯಜಮಾನನ ಕಣ್ಣೆದುರೇ ಬೇಯುತ್ತಿತ್ತು. ಈಗ ಮೊದಲ ಬಾರಿಗೆ, ಯಾರೋ ಎಲ್ಲೋ ಮುಚ್ಚಿದ ಬಾಗಿಲ ಹಿಂದೆ ಮಾಡಿದ್ದನ್ನು ದುಡ್ಡು ಕೊಟ್ಟು ತಂದು ನಾಯಿಯ ಮುಂದೆ ಇಡಬೇಕಾಯಿತು. ತಿಂದ ನಾಯಿ ದೂರು ಹೇಳಲಾರದು. ಕೊಂಡವನು ತಿಂದು ನೋಡಲಾರ. ಲಾಂಛನದ ಅಗತ್ಯ ಹುಟ್ಟಿದ್ದು ಈ ಎರಡು ಮೌನಗಳ ನಡುವೆ.

ಸ್ಪ್ರಾಟ್ ಕಂಪನಿ ಆ ಅಗತ್ಯವನ್ನು ಹೇಗೆ ತುಂಬಿತೆಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅದು ನಾಯಿಯ ಚಿತ್ರಕ್ಕೆ ಮೊರೆ ಹೋಗಲಿಲ್ಲ. ಬಿಸ್ಕತ್ತಿನ ಮೈಮೇಲೆಯೇ 'ಸ್ಪ್ರಾಟ್ಸ್ ಪೇಟೆಂಟ್' ಎಂಬ ಅಕ್ಷರಗಳನ್ನೂ ಜೊತೆಗೊಂದು 'ಎಕ್ಸ್' ಗುರುತನ್ನೂ ಒತ್ತಿ, ಆ ಬಳಿಕ ಒಲೆಗೆ ಕಳಿಸಿತು. ಕಂಪನಿಯ ಜಾಹೀರಾತುಗಳು ಮತ್ತೆ ಮತ್ತೆ ಹೇಳುತ್ತಿದ್ದುದು ಒಂದೇ ಮಾತು: ನಕಲಿ ಮಾಲಿನ ಬಗ್ಗೆ ಎಚ್ಚರ, ಪ್ರತಿ ಬಿಲ್ಲೆಯ ಮೇಲೆ ಈ ಹೆಸರೂ ಈ ಗುರುತೂ ಇದೆಯೇ ನೋಡಿ. ಇಲ್ಲಿ ಕೊಂಚ ನಿಲ್ಲಬೇಕು. ಬಿಸ್ಕತ್ತು ಮಾರಾಟವಾಗುತ್ತಿದ್ದುದು ಹೆಚ್ಚಾಗಿ ಚೀಲಗಳಲ್ಲಿ, ಬಿಡಿಬಿಡಿಯಾಗಿ ತೂಗಿ. ಚೀಲದ ಮೇಲೆ ಏನೇ ಬರೆದಿರಲಿ, ಅಂಗಡಿಯವನು ಒಳಗೆ ಅಗ್ಗದ ಮಾಲನ್ನು ಬೆರೆಸಬಹುದಿತ್ತು. ಆದ್ದರಿಂದ ಮುದ್ರೆ ಹೊದಿಕೆಯನ್ನು ಬಿಟ್ಟು ಪದಾರ್ಥಕ್ಕೇ ಇಳಿಯಿತು. ನಾಯಿ ಕಚ್ಚುವ ಕೊನೆಯ ಕ್ಷಣದವರೆಗೂ ತಯಾರಕನ ಹೆಸರು ಬಿಸ್ಕತ್ತಿನ ಜೊತೆಗಿರುತ್ತಿತ್ತು. ಇಂದಿನ ವಿನ್ಯಾಸಕಾರರು ಲೋಗೊ ಎನ್ನುವ ವಸ್ತು ಈ ವ್ಯಾಪಾರದಲ್ಲಿ ಮೊದಲು ಕಾಣಿಸಿಕೊಂಡದ್ದು ಹೀಗೆ, ಹಿಟ್ಟಿನಲ್ಲಿ ಒತ್ತಿದ ಅಚ್ಚಾಗಿ. ಅದೇ ಕಾಲಕ್ಕೆ ಬ್ರಿಟನ್ನಿನ ಕಾನೂನೂ ಈ ದಾರಿಗೆ ಬಂತು. 1875ರ ಟ್ರೇಡ್‌ಮಾರ್ಕ್ ನೋಂದಣಿ ಕಾಯ್ದೆಯಂತೆ 1876ರ ಜನವರಿ 1ರಂದು ನೋಂದಣಿ ಪುಸ್ತಕ ತೆರೆಯಿತು. ಅದರಲ್ಲಿ ಮೊದಲ ಸಂಖ್ಯೆ ಪಡೆದದ್ದು ಬಾಸ್ ಬಿಯರ್‌ನ ಕೆಂಪು ತ್ರಿಕೋನ. ಬಿಯರ್ ಲೋಟವಾಗಲಿ ಬಾರ್ಲಿ ತೆನೆಯಾಗಲಿ ಆ ಗುರುತಿನಲ್ಲಿರಲಿಲ್ಲ. ಗುರುತಿನ ಕೆಲಸ ಸರಕನ್ನು ವರ್ಣಿಸುವುದಲ್ಲ, ಮಾಡಿದವನನ್ನು ತೋರಿಸಿಕೊಡುವುದು ಎಂಬ ತಿಳಿವಳಿಕೆ ಆಗಲೇ ಗಟ್ಟಿಯಾಗಿತ್ತು.

ಅದೇ 1876ರಲ್ಲಿ ಸ್ಪ್ರಾಟ್ ಕಂಪನಿಗೆ ಒಬ್ಬ ಯುವಕ ಕೆಲಸಕ್ಕೆ ಸೇರಿದ. ಹೆಸರು ಚಾರ್ಲ್ಸ್ ಕ್ರಫ್ಟ್. ಬಿಸ್ಕತ್ತು ಮಾರುತ್ತ ನಾಯಿ ಸಾಕುವ ಸಿರಿವಂತರ ಮನೆಗಳನ್ನು, ಬೇಟೆಗಾರರ ನಾಯಿಲಾಯಗಳನ್ನು ಸುತ್ತಿದ ಅವನು ಕಡೆಗೆ ನಾಯಿಗಳ ಪ್ರದರ್ಶನವನ್ನೇ ವೃತ್ತಿ ಮಾಡಿಕೊಂಡ. 1891ರಲ್ಲಿ ಲಂಡನ್ನಿನ ಇಸ್ಲಿಂಗ್‌ಟನ್‌ನಲ್ಲಿ ಅವನದೇ ಹೆಸರಿನಲ್ಲಿ ನಡೆದ ಪ್ರದರ್ಶನವೇ ಇಂದಿಗೂ ನಡೆಯುತ್ತಿರುವ ಕ್ರಫ್ಟ್ಸ್. ಪ್ರದರ್ಶನಗಳು ಅದಕ್ಕೂ ಮುಂಚೆ ಇದ್ದವು. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಒಂದು ನಡೆದಿತ್ತು, 1873ರಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಗಿತ್ತು. ಸ್ಪ್ರಾಟ್ ಕಂಪನಿ ಅಲ್ಲೆಲ್ಲ ತನ್ನ ಹೆಸರು ಕಾಣುವಂತೆ ನೋಡಿಕೊಂಡಿತು. ಅಟ್ಲಾಂಟಿಕ್‌ನ ಆಚೆಗೂ ಅದೇ ಉಪಾಯ: 1889ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ಬಿನ ಪತ್ರಿಕೆ ಹೊರಟಾಗ ಮೊದಲ ಸಂಚಿಕೆಯ ಮುಖಪುಟವನ್ನೇ ಜಾಹೀರಾತಿಗೆಂದು ಕೊಂಡುಕೊಂಡಿತು. ಬಹುಮಾನ ಗೆದ್ದ ನಾಯಿ ತಿನ್ನುವುದು ಇದನ್ನೇ ಎಂಬ ನಂಬಿಕೆ, ಮುದ್ರೆಯ ಹಿಂದೆ ನಿಂತ ಎರಡನೆಯ ಸಾಕ್ಷಿಯಾಯಿತು. ಗಮನಿಸಬೇಕಾದದ್ದು, ಈ ಸಾಕ್ಷಿಯನ್ನು ಒಪ್ಪಿಸಿದ್ದೂ ಮನುಷ್ಯನಿಗೇ.

ಪ್ಯೂರಿನಾದ ಚೌಕಗಳ ಹಿನ್ನೆಲೆ ಇದಕ್ಕಿಂತ ರಸವತ್ತಾದದ್ದು, ನನ್ನ ವಾದಕ್ಕೆ ಇದಕ್ಕಿಂತ ಬಲವಾದದ್ದು ಕೂಡ. 1894ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಿಲಿಯಂ ಡ್ಯಾನ್‌ಫೋರ್ತ್ ಮತ್ತು ಅವನ ಪಾಲುದಾರರು ಕುದುರೆ, ಹೇಸರಗತ್ತೆಗಳ ದಾಣಿ ಮಾರುವ ರಾಬಿನ್ಸನ್-ಡ್ಯಾನ್‌ಫೋರ್ತ್ ಕಂಪನಿಯನ್ನು ತೆರೆದರು. ನಾಯಿ ಬೆಕ್ಕುಗಳ ಮಾತು ಆಗ ಇರಲೇ ಇಲ್ಲ. ಬರಿಯ ಮುಸುಕಿನ ಜೋಳ ತಿಂದ ಕುದುರೆಗಳು ಹೊಟ್ಟೆಶೂಲೆಯಿಂದ ಒದ್ದಾಡುತ್ತಿದ್ದ ಕಾಲ ಅದು. ಓಟ್ಸ್ ಬೆರೆಸಿದ ತಮ್ಮ ದಾಣಿ ಹೊಟ್ಟೆಗೆ ಹಿತ ಎಂಬುದು ಅವರ ಮಾತು. 1896ರ ಮೇ 27ರಂದು ಸೇಂಟ್ ಲೂಯಿಸ್‌ಗೆ ಅಪ್ಪಳಿಸಿದ ಸುಂಟರಗಾಳಿ ಗಿರಣಿಯನ್ನು ನೆಲಸಮ ಮಾಡಿತು. ಡ್ಯಾನ್‌ಫೋರ್ತ್ ಸಾಲ ತಂದು ಮತ್ತೆ ಕಟ್ಟಿದ. ದಾಣಿಯ ಚೀಲಕ್ಕೆ ಗುರುತು ಬೇಕೆನಿಸಿದಾಗ ಅವನಿಗೆ ನೆನಪಾದದ್ದು ಮಿಸೌರಿಯ ತನ್ನ ಊರಿನ ಬ್ರೌನ್ ಎಂಬ ಕುಟುಂಬ. ಆ ಮನೆಯ ತಾಯಿ ಕೆಂಪು ಬಿಳಿ ಚೌಕಳಿ ಬಟ್ಟೆಯ ಒಂದೇ ಥಾನು ತಂದು ಮನೆಮಂದಿಗೆಲ್ಲ ಅದರಲ್ಲೇ ಹೊಲಿಯುತ್ತಿದ್ದಳು. ಸಂತೆಯಲ್ಲಿ ಎಷ್ಟೇ ಜನವಿರಲಿ, ಬ್ರೌನ್ ಮನೆಯವರನ್ನು ದೂರದಿಂದಲೇ ಗುರುತಿಸಬಹುದಿತ್ತು. ತನ್ನ ಚೀಲವೂ ಹಾಗೆಯೇ ಗುರುತು ಸಿಗಬೇಕೆಂದು ಡ್ಯಾನ್‌ಫೋರ್ತ್ ಬಯಸಿದ. 1902ರಲ್ಲಿ ಕಂಪನಿಯ ಹೆಸರು ರಾಲ್‌ಸ್ಟನ್ ಪ್ಯೂರಿನಾ ಆಯಿತು. ಚೌಕಳಿ ಅದರ ಮೈಬಣ್ಣವೇ ಆಗಿಹೋಯಿತು. ದಾಣಿ ಅಂಗಡಿಗಳ ಗೋಡೆಗಳಿಗೆ ಚೌಕಳಿ ಬಳಿಸಿದರು. ಕಂಪನಿಯ ಪ್ರಧಾನ ಕಚೇರಿಯ ವಿಳಾಸವೇ ಚೆಕರ್‌ಬೋರ್ಡ್ ಸ್ಕ್ವೇರ್.

ಇಷ್ಟೇ ಆಗಿದ್ದರೆ ಇದು ಒಬ್ಬ ವ್ಯಾಪಾರಿಯ ಜಾಣ್ಮೆಯ ಕತೆ. ಆದರೆ ಅದೇ ಚೌಕಳಿ ಮನುಷ್ಯರ ಬೆಳಗಿನ ತಿಂಡಿಯ ಡಬ್ಬಿಗಳಿಗೂ ಏರಿತು. ಕಂಪನಿ ಮಾರುತ್ತಿದ್ದ ಗೋಧಿ ತಿನಿಸು, 1937ರಲ್ಲಿ ಹೊರತಂದು ಮುಂದೆ ಚೆಕ್ಸ್ ಎಂದು ಹೆಸರಾದ ಚೌಕಳಿ ಹೆಣಿಗೆಯ ತಿಂಡಿ, ಹಸುವಿನ ದಾಣಿ, ಕೋಳಿ ಮೇವು, ಕೊನೆಗೆ ನಾಯಿಯ ಆಹಾರ, ಎಲ್ಲವೂ ಒಂದೇ ಗುರುತಿನ ಕೆಳಗೆ ನಿಂತವು. 1957ರಲ್ಲಿ ಕಿರಾಣಿ ಅಂಗಡಿಗಳಿಗೆ ಬಂದ ಪ್ಯೂರಿನಾ ಡಾಗ್ ಚೌ ಹುಟ್ಟಿದ್ದೂ ಚೆಕ್ಸ್ ವಿಭಾಗದಿಂದ ಎರವಲು ತಂದ ಒತ್ತುಯಂತ್ರದಲ್ಲಿ: ಹಿಟ್ಟನ್ನು ಬಿಸಿಯಲ್ಲಿ ಒತ್ತಿ ಅರಳಿಸಿ ಗುಳಿಗೆ ಮಾಡುವ ವಿಧಾನ. ಮಕ್ಕಳ ತಟ್ಟೆಗೂ ನಾಯಿಯ ಬಟ್ಟಲಿಗೂ ಒಂದೇ ಲಾಂಛನ ಸಲ್ಲಬೇಕಾದರೆ ಆ ಲಾಂಛನದಲ್ಲಿ ನಾಯಿ ಇರಲು ಸಾಧ್ಯವೇ ಇರಲಿಲ್ಲ. ಚೌಕಳಿ ಹೇಳುತ್ತಿದ್ದುದು 'ಇದು ನಾಯಿಗೆ' ಎಂದಲ್ಲ, 'ಇದನ್ನು ಮಾಡಿದವರು ನಾವು' ಎಂದು. ಡ್ಯಾನ್‌ಫೋರ್ತ್ ಮುಂದೆ 1931ರಲ್ಲಿ 'ಐ ಡೇರ್ ಯೂ' ಎಂಬ ಪುಸ್ತಕ ಬರೆದು, ಚೌಕದ ನಾಲ್ಕು ಬದಿಗಳಲ್ಲಿ ದೇಹ, ಬುದ್ಧಿ, ಸಮಾಜ, ಧರ್ಮ ಎಂಬ ನಾಲ್ಕು ಮುಖದ ಬದುಕನ್ನು ಕಂಡ. ಅದು ಅವನ ನಂಬಿಕೆ. ಚೌಕಳಿಗೆ ಬಲ ಬಂದದ್ದು ಆ ತತ್ತ್ವದಿಂದ ಅಲ್ಲ ಎಂದೇ ನನ್ನ ಎಣಿಕೆ; ಚೀಲ ಬಿಚ್ಚಿದ ರೈತನಿಗೆ ಪ್ರತಿಸಲವೂ ಅದೇ ದಾಣಿ ಸಿಕ್ಕಿದ್ದರಿಂದ.

ಲಾಂಛನ ಪ್ರಾಣಿಗಾಗಿ ಅಲ್ಲ ಎಂಬುದಕ್ಕೆ ಪ್ರಾಣಿಯ ಕಣ್ಣೇ ಪುರಾವೆ. ನಾಯಿಗೆ ಬಣ್ಣ ಕಾಣುವುದೇ ಇಲ್ಲ ಎಂಬುದು ತಪ್ಪು. ಅದರ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡು ಬಗೆಯವು, ನಮ್ಮಲ್ಲಿ ಮೂರು. ನೀಲಿ, ಹಳದಿ ಅದಕ್ಕೆ ಚೆನ್ನಾಗಿ ಕಾಣುತ್ತವೆ; ಕೆಂಪು ಮಾತ್ರ ಮಾಸಲು ಕಂದಾಗಿಯೋ ಬೂದಿಯಾಗಿಯೋ ಕಾಣುತ್ತದೆ. ಅಂದರೆ ಸಾಕುಪ್ರಾಣಿ ಲೋಕದ ಅತಿ ಪ್ರಸಿದ್ಧ ಕೆಂಪು, ನಾಯಿಯ ಪಾಲಿಗೆ ಕೆಂಪೇ ಅಲ್ಲ. ಇದೇ ಮಾತನ್ನು ಮೂಳೆಯಾಕಾರದ ಬಿಸ್ಕತ್ತಿಗೂ ಹೇಳಬಹುದು. 1908ರಲ್ಲಿ ನ್ಯೂಯಾರ್ಕಿನ ಎಫ್. ಎಚ್. ಬೆನೆಟ್ ಬಿಸ್ಕತ್ತು ಕಂಪನಿ ಹೊರತಂದ, ಮುಂದೆ ಮಿಲ್ಕ್-ಬೋನ್ ಎಂದು ಹೆಸರಾದ ಬಿಸ್ಕತ್ತಿಗೆ ಮೂಳೆಯ ಆಕಾರವೇ ಗುರುತು. ಮೂಸಿ ಆಹಾರ ಹುಡುಕುವ ಪ್ರಾಣಿಗೆ ಬಿಸ್ಕತ್ತು ದುಂಡಗಿದ್ದರೇನು, ಮೂಳೆಯಂತಿದ್ದರೇನು? ಆ ಆಕಾರ ಕೊಳ್ಳುವವನ ಮನಸ್ಸಿಗೆ ಮಾಡಿದ ಏರ್ಪಾಟು.

ಇಲ್ಲಿ ವಿನ್ಯಾಸ ಬಲ್ಲವರು ಒಂದು ಬಲವಾದ ಆಕ್ಷೇಪವೆತ್ತಬಹುದು. ಹಾಗಾದರೆ 1936ರ ಸ್ಪ್ರಾಟ್ ಲಾಂಛನಕ್ಕೆ ಏನು ಹೇಳುತ್ತೀರಿ? ಮ್ಯಾಕ್ಸ್ ಫೀಲ್ಡ್-ಬುಷ್ ರಚಿಸಿದ ಆ ಲಾಂಛನ ಅಚ್ಚ ನಾಯಿಯೇ ಅಲ್ಲವೇ? ಹೌದು, ಅದು ಸ್ಕಾಟಿ ಎಂದು ಕರೆಯುವ ಸ್ಕಾಟಿಷ್ ಟೆರಿಯರ್. ಈ ವ್ಯಾಪಾರ ಹುಟ್ಟಿಸಿದ ಚಿತ್ರಗಳಲ್ಲಿ ಅದಕ್ಕಿಂತ ಸುಂದರವಾದದ್ದು ಇನ್ನೊಂದಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಹತ್ತಿರದಿಂದ ನೋಡಿ. ಅಲ್ಲಿ ನಾಯಿಯ ರೇಖೆ ಎಂಬುದು ಪ್ರತ್ಯೇಕವಾಗಿ ಇಲ್ಲ. 'ಸ್ಪ್ರಾಟ್ಸ್' ಎಂಬ ಇಂಗ್ಲಿಷ್ ಹೆಸರಿನ ಅಕ್ಷರಗಳೇ ಹಿಗ್ಗಿ, ಬಾಗಿ, ಒಂದಕ್ಕೊಂದು ಒತ್ತಿಕೊಂಡು ಮೂತಿ, ಬೆನ್ನು, ಗಿಡ್ಡ ಕಾಲು, ಬಾಲ ಆಗಿವೆ. ಕಪ್ಪು ಮೈಯ, ಚೌಕಟ್ಟಾದ, ಕಾಲು ಗಿಡ್ಡಾದ ತಳಿ ಆದದ್ದರಿಂದಲೇ ದಪ್ಪ ಅಕ್ಷರಗಳು ಅದರ ಮೈಗೆ ಹೀಗೆ ಹೊಂದಿದವು. ಮುಧೋಳದ ಬೇಟೆನಾಯಿಯಂಥ ಸಣಕಲು ಮೈಯಲ್ಲಿ ಅಷ್ಟು ಅಕ್ಷರಗಳಿಗೆ ಜಾಗವೇ ಸಿಗುತ್ತಿರಲಿಲ್ಲ. ಅದೇ ಅಕ್ಷರಗಳನ್ನು ಬೆಕ್ಕಾಗಿ, ಹಕ್ಕಿಯಾಗಿ, ಮೀನಾಗಿಯೂ ತಿದ್ದಿದರು. ಪ್ರಾಣಿ ಬದಲಾಗುತ್ತ ಹೋಯಿತು, ಹೆಸರು ಬದಲಾಗಲಿಲ್ಲ. ಅದಕ್ಕೂ ಎಪ್ಪತ್ತು ವರ್ಷಗಳ ಹಿಂದೆ ಹಿಟ್ಟಿನ ಮೇಲೆ ಒತ್ತುತ್ತಿದ್ದ ಹೆಸರಿಗೇ ಫೀಲ್ಡ್-ಬುಷ್ ಕಿವಿ, ಬಾಲ ಮೂಡಿಸಿದ. ಆದ್ದರಿಂದ ಈ ಲಾಂಛನ ನನ್ನ ವಾದವನ್ನು ಮುರಿಯುವುದಿಲ್ಲ, ಪೂರೈಸುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಸಾಮಾನ್ಯವಾದದ್ದು. ಇಂದಿನ ಅಂಗಡಿಯಲ್ಲಿ ಎತ್ತ ನೋಡಿದರೂ ಪಂಜ, ಬಾಲ, ನಾಲಿಗೆ ಚಾಚಿದ ಮುಖಗಳು. ಇಷ್ಟೊಂದು ಬ್ರ್ಯಾಂಡುಗಳು ಒಟ್ಟಿಗೆ ತಪ್ಪು ಮಾಡುತ್ತಿವೆಯೇ? ತಪ್ಪಲ್ಲ, ಅದು ಬೇರೆ ಕೆಲಸ. ಪ್ರಾಣಿಯ ಚಿತ್ರ ಅನಿವಾರ್ಯವಾದದ್ದು ಡಬ್ಬಿಯ ಕಾಲದಲ್ಲಿ. 1922ರಲ್ಲಿ ಅಮೆರಿಕದ ಚಾಪೆಲ್ ಸಹೋದರರು ಕುದುರೆ ಮಾಂಸವನ್ನು ತಗಡಿನ ಡಬ್ಬಿಗೆ ತುಂಬಿ ಕೆನ್-ಎಲ್-ರೇಷನ್ ಹೆಸರಿನಲ್ಲಿ ಮಾರತೊಡಗಿದರು. ಗಿರಾಕಿ ತಾನೇ ಕೈಯಾರೆ ಎತ್ತಿಕೊಳ್ಳುವ ಅಂಗಡಿಗಳು ಬಂದ ಮೇಲೆ, ಮನುಷ್ಯರು ತಿನ್ನುವ ಮಾಂಸದ ಡಬ್ಬಿಯ ಪಕ್ಕದಲ್ಲೇ ಅಂಥದೇ ಡಬ್ಬಿ ಇದ್ದಾಗ, ಇದು ನಿಮಗಲ್ಲ ಎಂದು ಒಂದೇ ನೋಟಕ್ಕೆ ತಿಳಿಸಬೇಕಾಯಿತು. ಆ ಕೆಲಸವನ್ನು ನಾಯಿಯ ಮುಖ ಮಾಡಿತು. ಆದರೆ ಅದು ಸರಕಿನ ಬಗೆಯನ್ನು ಹೇಳುವ ಚಿತ್ರ, ತಯಾರಕನನ್ನು ತೋರುವ ಗುರುತಲ್ಲ. ಕಾನೂನು ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೆಯ ಕಲಮಿನ ಪ್ರಕಾರ, ಸರಕು ಯಾವ ಬಗೆಯದು, ಏನಕ್ಕೆ ಬಳಸುವುದು ಎಂಬುದನ್ನಷ್ಟೇ ಸೂಚಿಸುವ ಗುರುತಿಗೆ, ಬಳಕೆಯಿಂದ ಅದು ವಿಶಿಷ್ಟವಾಗಿ ಬೆಳೆದಿರದಿದ್ದರೆ, ನೋಂದಣಿ ಸಿಗುವುದಿಲ್ಲ. ನಾಯಿ ಆಹಾರಕ್ಕೆ ಬರಿಯ ನಾಯಿಯ ಚಿತ್ರ ಹಾಕುವವನು, ಎಲ್ಲರೂ ಹಾಕಬಹುದಾದ ಚಿತ್ರವನ್ನು ಹಾಕುತ್ತಿದ್ದಾನೆ. ನೂರು ಪಂಜದ ಗುರುತುಗಳ ನಡುವೆ ನೂರಾ ಒಂದನೆಯದು ಯಾರದು ಎಂದು ಕೊಳ್ಳುವವನಿಗೆ ತಿಳಿಯುವುದಾದರೂ ಹೇಗೆ?

ಭಾರತದ ಕಿರಾಣಿ ಅಂಗಡಿಗಳವರೆಗೂ ಬಂದಿರುವ ಪೆಡಿಗ್ರಿಯ ಹಳದಿ ಪೊಟ್ಟಣ ಇದೇ ಚರಿತ್ರೆಯ ಇನ್ನೊಂದು ಕವಲು. ಚಾಪೆಲ್ ಸಹೋದರರ ಇಂಗ್ಲೆಂಡಿನ ಉದ್ಯಮವನ್ನು 1934ರಲ್ಲಿ ಚಾಕೊಲೇಟ್ ತಯಾರಕ ಫಾರೆಸ್ಟ್ ಮಾರ್ಸ್ ಕೊಂಡ. ಅಲ್ಲಿ ಚಮ್ ಎಂಬ ಹೆಸರಿನಿಂದ ಮಾರುತ್ತಿದ್ದ ಆಹಾರ 1960ರ ದಶಕದಲ್ಲಿ ಪೆಡಿಗ್ರಿ ಚಮ್ ಆಯಿತು. ಶ್ರೇಷ್ಠ ತಳಿ ಸಾಕುವವರು ಶಿಫಾರಸು ಮಾಡುವ ಆಹಾರ ಎಂಬುದು ಅದರ ಘೋಷಣೆ. ಇಂದಿನ ಲಾಂಛನದಲ್ಲಿರುವುದು ಪ್ರದರ್ಶನದಲ್ಲಿ ಗೆದ್ದ ನಾಯಿಗೆ ತೊಡಿಸುವ ರಿಬ್ಬನ್ ಹೂವು, ಅಂದರೆ ಚಾರ್ಲ್ಸ್ ಕ್ರಫ್ಟ್ ಕಟ್ಟಿದ ಲೋಕದ ಪದಕ. ಕ್ರಫ್ಟ್ಸ್ ಪ್ರದರ್ಶನಕ್ಕೆ ಪೆಡಿಗ್ರಿ ಬಹುಕಾಲ ಪ್ರಾಯೋಜಕನೂ ಆಗಿತ್ತು. 2008ರಲ್ಲಿ ಬಿಬಿಸಿಯ ಒಂದು ಸಾಕ್ಷ್ಯಚಿತ್ರ, ಶುದ್ಧ ತಳಿಯ ಹೆಸರಿನಲ್ಲಿ ರಕ್ತಸಂಬಂಧದೊಳಗೇ ಕೂಡಿಸಿ ನಾಯಿಗಳಿಗೆ ಎಂಥೆಂಥ ರೋಗಗಳನ್ನು ತಂದಿಟ್ಟಿದ್ದಾರೆಂದು ತೋರಿಸಿದಾಗ, ಪೆಡಿಗ್ರಿ ಆ ಪ್ರಾಯೋಜಕತ್ವದಿಂದ ಹಿಂದೆ ಸರಿಯಿತು. ಹೆಸರೂ ರಿಬ್ಬನ್ನೂ ಉಳಿದವು. ಬೀದಿಯ ಮರಿಯನ್ನು ತಂದು ಸಾಕಿದ ಮನೆಗೂ ಅದೇ ಪದಕದ ಚಿತ್ರ ಬರುತ್ತದೆ. ನಾಯಿಗೆ ಸಿಗದ ಗೌರವ ಯಜಮಾನನ ಮನಸ್ಸಿಗೆ ಸಿಗುತ್ತದೆ.

ಜಾಮೀನು ಎಂಬ ನನ್ನ ಮಾತಿಗೇ ಬೀಳುವ ಪೆಟ್ಟು 2007ರದ್ದು. ಆ ವರ್ಷದ ಮಾರ್ಚ್‌ನಲ್ಲಿ ಕೆನಡಾದ ಮೆನು ಫುಡ್ಸ್ ಎಂಬ ತಯಾರಕ ಸಂಸ್ಥೆ ಸುಮಾರು 6 ಕೋಟಿ ಡಬ್ಬಿ ಮತ್ತು ಪೊಟ್ಟಣಗಳನ್ನು ವಾಪಸು ಕರೆಸಿಕೊಂಡಿತು. ಚೀನಾದಿಂದ ತಂದ ಗೋಧಿ ಅಂಟಿನಲ್ಲಿ ಪ್ರೋಟೀನ್ ಹೆಚ್ಚಿದೆಯೆಂದು ತೋರಿಸಲು ಮೆಲಮೈನ್ ಬೆರೆಸಿದ್ದರು. ತಿಂದ ನಾಯಿ ಬೆಕ್ಕುಗಳ ಮೂತ್ರಪಿಂಡ ಕೆಟ್ಟಿತು, ಅನೇಕ ಸತ್ತವು. ಆಗ ಜನರಿಗೆ ತಿಳಿದದ್ದು, ಅಂಗಡಿಯ ಕಪಾಟಿನಲ್ಲಿ ಬೇರೆ ಬೇರೆ ಲಾಂಛನ, ಬೇರೆ ಬೇರೆ ಬೆಲೆ ಹೊತ್ತು ನಿಂತ ಹತ್ತಾರು ಬ್ರ್ಯಾಂಡುಗಳು ಒಂದೇ ತಯಾರಕನ ಕಾರ್ಖಾನೆಗಳಿಂದ ಬಂದಿದ್ದವು ಎಂಬುದು. ಲಾಂಛನವನ್ನು ನಂಬಿದ್ದೇ ತಪ್ಪಾಯಿತಲ್ಲ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದು: ಅಲ್ಲಿ ಲಾಂಛನ ತನ್ನ ಹಳೆಯ ಕೆಲಸವನ್ನು ಬಿಟ್ಟುಕೊಟ್ಟಿತ್ತು. ಸ್ಪ್ರಾಟ್ ಹೆಸರು ಒತ್ತಿದ ಬಿಸ್ಕತ್ತು ಸ್ಪ್ರಾಟ್ ಕಾರ್ಖಾನೆಯ ಒಲೆಯಿಂದಲೇ ಬರುತ್ತಿತ್ತು. ತಯಾರಕನಿಗೂ ಗುರುತಿಗೂ ನಡುವಿನ ಕೊಂಡಿ ಕಳಚಿದಾಗ ಉಳಿಯುವುದು ಅಲಂಕಾರ ಮಾತ್ರ. ಸಾವಿರಾರು ಮನೆಗಳ ದುಃಖ ಅದರ ಬೆಲೆಯಾಯಿತು.

ಕಂಪನಿಗಳ ಮುಂದಿನ ಕತೆಯನ್ನು ಬೇಗ ಹೇಳಿಬಿಡಬಹುದು. ಸ್ಪ್ರಾಟ್ 1960ರಲ್ಲಿ ಸ್ಪಿಲ್ಲರ್ಸ್ ಕಂಪನಿಯ ಪಾಲಾಯಿತು. ಸ್ಪಿಲ್ಲರ್ಸ್‌ನ ಸಾಕುಪ್ರಾಣಿ ಆಹಾರ ವಿಭಾಗವನ್ನು 1998ರಲ್ಲಿ ನೆಸ್ಲೆ ಕೊಂಡಿತು. 2001ರಲ್ಲಿ ರಾಲ್‌ಸ್ಟನ್ ಪ್ಯೂರಿನಾವನ್ನೂ ಸಾವಿರ ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಅದೇ ನೆಸ್ಲೆ ಕೊಂಡುಕೊಂಡಿತು. ಎರಡು ಹಳೆಯ ಮುದ್ರೆಗಳು ಒಂದೇ ಮನೆ ಸೇರಿದವು. ಅವುಗಳಲ್ಲಿ ಉಳಿದದ್ದು ಸುಂದರವಾದ ಟೆರಿಯರ್ ಅಲ್ಲ, ಕೆಂಪು ಬಿಳಿ ಚೌಕಳಿ.

ಕರ್ನಾಟಕದಲ್ಲೂ ಇದಕ್ಕೆ ಒಪ್ಪುವ ನಿದರ್ಶನವಿದೆ. 1930ರಲ್ಲಿ ಡೆಹ್ರಾಡೂನ್‌ನಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ನೆಲೆಯೂರಿದ ಹಿಮಾಲಯ ಕಂಪನಿ ನಾಯಿಗಳ ಶಾಂಪೂ, ಔಷಧಿಗಳನ್ನೂ ಮಾಡುತ್ತದೆ. ಅವುಗಳ ಮೇಲೂ ಇರುವುದು ಮನುಷ್ಯರ ಲಿವ್ 52 ಡಬ್ಬಿಯ ಮೇಲಿನ ಅದೇ ಹಿಮಾಲಯ ಹೆಸರು. ನಾಯಿಯ ಔಷಧಿಗೆ ಕೈಚಾಚುವವರು ತಾವು ನುಂಗಿ ನೋಡಿದ ಮಾತ್ರೆಯ ನಂಬಿಕೆಯ ಮೇಲೆ ಕೈಚಾಚುತ್ತಾರೆ. ಈಗ ಬೆಂಗಳೂರಿನಲ್ಲಿ ಸಾಕುಪ್ರಾಣಿ ಸರಕಿನ ಹೊಸ ಉದ್ಯಮಗಳು ತಲೆಯೆತ್ತುತ್ತಿವೆ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಪ್ರಾಣಿಗಳ ಆಹಾರ 31ನೆಯ ವರ್ಗ, ಕೊರಳಪಟ್ಟಿ ಮತ್ತು ಬಟ್ಟೆ 18ನೆಯದು, ಆಟಿಕೆ 28ನೆಯದು, ಶಾಂಪೂ 3ನೆಯದು. ಒಂದೇ ಲಾಂಛನ ಇವೆಲ್ಲವನ್ನೂ ಹೊರಬೇಕಾಗುತ್ತದೆ. ಲೋಗೊ ಮಾಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ವಿನ್ಯಾಸಕಾರರಿಗೆ ನಾಯಿಯ ಫೋಟೊ ಕೊಡುವ ಮೊದಲು, ಈ ಪದಾರ್ಥವನ್ನು ಯಾರು, ಎಲ್ಲಿ, ಏನೇನು ಹಾಕಿ ಮಾಡುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಕೊಳ್ಳುವವರು ಪೊಟ್ಟಣದ ಮುಂಭಾಗದ ಮುಖವನ್ನು ನೋಡಿದ ಮೇಲೆ ಅದನ್ನೊಮ್ಮೆ ತಿರುಗಿಸಿ, ತಯಾರಕರ ಹೆಸರನ್ನೂ ಕಾರ್ಖಾನೆಯ ವಿಳಾಸವನ್ನೂ ಓದಿ.